ಎಡಕ್ಕೆ ಹೊಸೆದ ಸಿಂಬಿ

ದೆವ್ವ, ಪವಾಡ, ಶಕುನ, ಇಂಥವುಗಳನ್ನು ನಾನು ನಂಬಿದವನಲ್ಲ. ನಂಬುವವರನ್ನು ಮುಖದ ಮೇಲೇ ಗೇಲಿ ಮಾಡುತ್ತಿದ್ದವನು. ನನ್ನ ಕಸುಬು ಬೋರ್‌ವೆಲ್ ಕೊರೆಯುವುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ಓಡಾಡುವವರನ್ನು, ಕವಲುಕಡ್ಡಿ ಹಿಡಿದು "ಇಲ್ಲೇ ಇದ್ದಾಳೆ ಗಂಗಮ್ಮ" ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ನೀರು ಬಿದ್ದರೆ ಕಾಯಿ ಹಿಡಿದವನಿಗೆ ಹಾರ, ಬರೀ ಧೂಳು ಬಂದರೆ ಕೊರೆಯುವ ರಿಗ್ಗಿನವನಿಗೆ ಬೈಗುಳ. ನೆಲದೊಳಗೆ ಕಲ್ಲಿದೆ, ಕಲ್ಲಿನಲ್ಲಿ ಬಿರುಕಿದೆ, ಬಿರುಕಿನಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದರಾಚೆಗೆ ನನಗೆ ಯಾವ ವೇದಾಂತವೂ ಬೇಕಿರಲಿಲ್ಲ.

ಈಗಲೂ ನಾನು ಬದಲಾಗಿದ್ದೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಹಾಡುಹಗಲಿನಲ್ಲಿ, ನೈರೋಬಿಯ ಹೊರಗಿನ ಹುಲ್ಲುಬಯಲಿನಲ್ಲಿ ನಾನು ಒಂದನ್ನು ಕಂಡೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಹಿರಿಯೂರು ಕಡೆಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಎಂದೂ ಕಂಡಿಲ್ಲ. ರಿಗ್ ಲಾರಿಯಲ್ಲಿ ಪೈಪು ಹೊರುವ ಕೆಲಸಕ್ಕೆ ಸೇರಿ, ಮೆಷಿನ್ನು ಕಲಿತು, ಒಬ್ಬ ಗುಜರಾತಿ ಸೇಠ್ ಜೊತೆ ಕೀನ್ಯಾಕ್ಕೆ ಬಂದೆ. ಆಮೇಲೆ ಸ್ವಂತ ರಿಗ್ ಮಾಡಿಕೊಂಡೆ. ನೈರೋಬಿಯ ಸಿರಿವಂತರ ಬಡಾವಣೆ ಮುಥೈಗಾದಲ್ಲಿ ರಾಯಭಾರಿಗಳ ತೋಟದಲ್ಲಿ ನಾನು ಕೊರೆದ ಬಾವಿ ಇದೆ, ಮಸಾಯಿ ಜನರ ದನ ಕುಡಿಯುವ ತೊಟ್ಟಿಗೂ ನಾನು ಕೊರೆದ ನೀರೇ ಬರುತ್ತದೆ. ಅದೇ ಊರಿನ ಹರ್ಲಿಂಗ್‌ಹ್ಯಾಮ್‌ನ ಆಫೀಸುಗಳಲ್ಲಿ ಕೂತ ನಮ್ಮ ಬೆಂಗಳೂರಿನ ಹುಡುಗರು ಕನ್ನಡ ಸಂಘದ ಊಟದಲ್ಲಿ ನನ್ನನ್ನು 'ಬೋರ್‌ವೆಲ್ ಅಣ್ಣ' ಎಂದೇ ಕರೆಯುತ್ತಾರೆ. ಅದರಲ್ಲಿ ಸ್ವಲ್ಪ ತಮಾಷೆ ಇದೆ, ಗೊತ್ತು. ನನಗೇನೂ ಬೇಜಾರಿಲ್ಲ.

ನನ್ನ ಹೆಂಡತಿ ಯಶೋದ. ವೇದಾವತಿ ದಂಡೆಯ ಹಳ್ಳಿಯವಳು. ವೇದಾವತಿ ಎಂದರೆ ವರ್ಷದಲ್ಲಿ ಬಹುಪಾಲು ಮರಳೇ. ಅಲ್ಲಿಯ ಹೆಂಗಸರು ಒಣಗಿದ ಹೊಳೆಯಲ್ಲಿ ಕೈಯಿಂದ ಗುಂಡಿ ತೋಡಿ ಒರತೆ ಮಾಡುತ್ತಾರೆ. ನೀರು ಮೆಲ್ಲಗೆ ಜಿನುಗಿ ತುಂಬುತ್ತದೆ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಬೇಕು. ಯಶೋದ ಇದರಲ್ಲಿ ಗಟ್ಟಿಗಿತ್ತಿ. ಅವಳ ಒರತೆಗೆ ಅವಳದೇ ಒಂದು ರೀತಿ ಇತ್ತು. ಮರಳು ಕುಸಿಯದ ಹಾಗೆ ಬಾಯಿಯ ಸುತ್ತ ಒಣಹುಲ್ಲಿನ ಸಿಂಬಿ ಕೂರಿಸುವಳು, ತಲೆ ಮೇಲೆ ಬಿಂದಿಗೆ ಹೊರಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ ಸಿಂಬಿ, ಸ್ವಲ್ಪ ದೊಡ್ಡದು. ಅದರಲ್ಲಿ ಒಂದು ಕಡೆ ಬೆರಳಗಲದ ಸಂದು ಬಿಡುವಳು. ಮೊದಲು ಬರುವ ಕದಡಿದ ನೀರು ಆ ಸಂದಿನಿಂದ ಹೊರಗೆ ಹರಿದುಹೋಗಬೇಕು. ಸಂದು ಯಾವಾಗಲೂ ಹೊಳೆ ಇಳಿಯುವ ದಿಕ್ಕಿಗೇ. ಕೆಲಸ ಮುಗಿದ ಮೇಲೆ ಚಿಪ್ಪನ್ನು ಬೋರಲು ಹಾಕಿ ಬರುವಳು. ಇನ್ನೊಂದು ವಿಷಯ: ಅವಳು ಎಡಗೈಯವಳು. ಎಲ್ಲರ ಸಿಂಬಿಯ ಹುರಿ ಬಲಕ್ಕೆ ತಿರುಗಿದರೆ ಅವಳದು ಎಡಕ್ಕೆ. ನಮ್ಮವ್ವ ಅದನ್ನು ನೋಡಿದಾಗಲೆಲ್ಲ, "ಲೇ ಎಡಚಿ, ನಿನ್ನ ಸಿಂಬಿ ನೋಡಿದ್ರೆ ಬಿಂದಿಗೇನೂ ಹಿಂದಕ್ಕೆ ತಿರುಗ್ತದೆ ಕಣೆ," ಎಂದು ಆಡಿಕೊಳ್ಳುತ್ತಿದ್ದಳು. "ತಿರುಗಿದ್ರೆ ತಿರುಗ್ಲಿ ಬಿಡ್ರಿ ಅತ್ತೆ, ಚೆಲ್ಲಲ್ವಲ್ಲ," ಎನ್ನುತ್ತಿದ್ದಳು ಇವಳು.

ನೈರೋಬಿಗೆ ಬಂದ ಮೇಲೆ ಸೌತ್ ಸಿ ಬಡಾವಣೆಯಲ್ಲಿ ಮನೆ. ನಲ್ಲಿಯಲ್ಲಿ ವಾರಕ್ಕೆ ಎರಡು ದಿನ ನೀರು. "ಊರಿಗೆಲ್ಲ ಬೋರ್ ಹಾಕ್ತೀರಿ, ಮನೇಲಿ ಪಾತ್ರೆ ತೊಳೆಯೋಕೆ ನೀರಿಲ್ಲ. ನಿಮ್ಮ ರಿಗ್ ತಂದು ಬಚ್ಚಲಲ್ಲಿ ನಿಲ್ಲಿಸ್ರಿ," ಎಂದು ರೇಗಿಸುವಳು. ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದೂ ಅವಳಿಗೆ ಬೇಕಿತ್ತು. ಮಗಳು ಸಿಂಚನ ಸ್ಕೂಲಿನ ಭೂಗೋಳ ಓದುವಾಗ ಪಕ್ಕದಲ್ಲಿ ಕೂತು ಎಲ್ಲ ಕೇಳಿ ತಿಳಿದುಕೊಂಡಳು. ನಮ್ಮ ಮನೆ ಹಿಂದಿನ ಮೋರಿ ಸಣ್ಣ ಹೊಳೆಗೆ, ಆ ಹೊಳೆ ನೈರೋಬಿ ನದಿಗೆ, ನೈರೋಬಿ ನದಿ ಅಥಿ ನದಿಗೆ. ಅತ್ತ ಎನ್‌ಗಾಂಗ್ ಗುಡ್ಡಗಳ ಮೂಡಲ ಇಳಿಜಾರಿನ ಮಳೆಯೂ, ನಗರದ ದಕ್ಷಿಣಕ್ಕೆ ಹಾಸಿಕೊಂಡ ಹುಲ್ಲುಬಯಲಿನ ಎಲ್ಲ ಹಳ್ಳಗಳೂ ಕೊನೆಗೆ ಇದೇ ಅಥಿಗೆ. ಅಥಿ ಬಯಲನ್ನು ಬಳಸಿಕೊಂಡು, ತಿರುಗಿ, ಆನೆಗಳ ಕಾಡಿನಲ್ಲಿ ಹೆಸರು ಬದಲಾಯಿಸಿಕೊಂಡು, ಸಮುದ್ರದ ಹತ್ತಿರ ಇನ್ನೊಮ್ಮೆ ಬದಲಾಯಿಸಿಕೊಂಡು ಮಾಲಿಂದಿಯ ಬಳಿ ಕಡಲು ಸೇರುತ್ತದೆ.

"ಆ ಸಮುದ್ರದ ಆ ಕಡೆ ದಡ ನಮ್ದೇ ಅಲ್ವೇನ್ರಿ?" ಎಂದಳು ಒಂದು ದಿನ.

"ನಮ್ದೇ. ಕಾರವಾರ, ಮಂಗಳೂರು."

"ಹಂಗಾದ್ರೆ ನಾವೇನು ದೂರ ಬಂದಿಲ್ಲ ಬಿಡಿ," ಎಂದಳು. ಆವತ್ತಿನಿಂದ ಅವಳಿಗೆ ಈ ಊರು ಸ್ವಲ್ಪ ಹತ್ತಿರವಾಯಿತು.

ಒಮ್ಮೆ ಅವಳನ್ನು ಮಗಾಡಿ ಸರೋವರಕ್ಕೆ ಕರೆದುಕೊಂಡು ಹೋಗಿದ್ದೆ. ಎನ್‌ಗಾಂಗ್ ಗುಡ್ಡದ ಪಡುವಲಿಗೆ ಬಿದ್ದ ಮಳೆ ಅಥಿಗೆ ಬರುವುದಿಲ್ಲ. ಅದು ರಿಫ್ಟ್ ಕಣಿವೆಗೆ ಇಳಿದು ಹೋಗುತ್ತದೆ. ಆ ಕಣಿವೆಯ ತಳದಲ್ಲಿರುವುದೇ ಮಗಾಡಿ. ಸೋಡಾ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿ, ನಡುನಡುವೆ ಗುಲಾಬಿ ಬಣ್ಣದ ನೀರು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಇವಳು ಸುಮ್ಮನೆ ನಿಂತಿದ್ದಳು. "ಇಲ್ಲಿಂದ ನೀರು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದಳು. ಎಲ್ಲಿಗೂ ಇಲ್ಲ, ಇಲ್ಲೇ ಒಣಗುತ್ತದೆ ಎಂದೆ. "ಅಯ್ಯೋ ಪಾಪ, ಇಲ್ಲಿಗೆ ಬಂದ ನೀರಿಗೆ ಬಿಡುಗಡೇನೇ ಇಲ್ವಲ್ರಿ," ಎಂದಳು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಅಪ್ಪರ್ ಹಿಲ್‌ನ ಒಂದು ಆಸ್ಪತ್ರೆಯ ಮೇಲಿನ ಮಹಡಿ. ಕಿಟಕಿಯಿಂದ ದಕ್ಷಿಣದ ಬಯಲು ಕಾಣುತ್ತಿತ್ತು. ಅವಳ ಕಾಯಿಲೆಯ ವಿಷಯ ಹೆಚ್ಚು ಬರೆಯಲಾರೆ. ಒಂದು ಸಂಜೆ ನನ್ನನ್ನು ಹತ್ತಿರ ಕರೆದು ಹೇಳಿದಳು: "ನನ್ನ ಡಬ್ಬೀಲಿ ಹಾಕಿ ವಿಮಾನದಾಗೆ ಹೊತ್ಕೊಂಡು ಹೋಗ್ಬೇಡ್ರಿ. ಇಲ್ಲೇ ಬಿಡ್ರಿ, ಈ ನದೀಗೆ. ಊರಿನ ಕೊಚ್ಚೆ ಸೇರೋ ಕಡೆ ಬೇಡ, ಮೇಲೆ, ತಿಳಿ ನೀರಿರೋ ಕಡೆ. ನಾನೇ ಹೋಗ್ತೀನಿ, ಸಮುದ್ರದ ತನಕ."

ನಾನು ಏನೋ ಸಮಾಧಾನ ಹೇಳಲು ಹೋದೆ. "ಮಾತು ಕೊಡ್ರಿ," ಎಂದಳು. ಕೊಟ್ಟೆ.

ಅವಳು ಹೋದಾಗ ಮಳೆ ಕೈಕೊಟ್ಟ ಕಾಲ. ಬಯಲಿನ ಹುಲ್ಲು ಬೂದಿಬಣ್ಣಕ್ಕೆ ತಿರುಗಿತ್ತು. ಹಳ್ಳಗಳೆಲ್ಲ ಬರೀ ಮರಳು, ಉರುಟುಗಲ್ಲು. ನೀರಿದ್ದದ್ದು ಊರೊಳಗಿನ ಹೊಳೆಯಲ್ಲಿ ಮಾತ್ರ, ಅದು ನೀರಲ್ಲ, ಯಶೋದ ಬೇಡವೆಂದಿದ್ದ ಕೊಚ್ಚೆ. ಹತ್ತನೇ ದಿನದೊಳಗೆ ಅಸ್ಥಿ ಬಿಡಬೇಕು. ನಾನು ದಿನಾ ಬೆಳಗ್ಗೆ ಪಿಕಪ್ ತೆಗೆದುಕೊಂಡು ಹೋಗಿ ಸೇತುವೆಗಳ ಕೆಳಗೆ ಇಣುಕಿ ನೋಡಿ ಬರುತ್ತಿದ್ದೆ. ಜೀವಮಾನವೆಲ್ಲ ಕಂಡವರಿಗೆ ನೀರು ತೆಗೆದುಕೊಟ್ಟವನಿಗೆ ಹೆಂಡತಿಗೆ ಬೇಕಾದ ಒಂದು ಬೊಗಸೆ ಹರಿಯುವ ನೀರು ಸಿಗಲಿಲ್ಲ.

ಬ್ಯಾಂಕಿನಲ್ಲಿರುವ ಮೈಸೂರಿನ ಪ್ರಕಾಶ ಮನೆಗೆ ಬಂದು ಕೂತ. "ಅಣ್ಣ, ತಪ್ಪು ತಿಳ್ಕೋಬೇಡಿ. ಶ್ರೀರಂಗಪಟ್ಟಣಕ್ಕೆ ತಗೊಂಡ್ಹೋಗಿಬಿಡಿ. ಟಿಕೆಟ್ಟು ನಾನು ನೋಡ್ತೀನಿ. ಪಶ್ಚಿಮವಾಹಿನಿಗಿಂತ ಬೇಕಾ?"

"ವಿಮಾನ ಬೇಡ ಅಂದಿದ್ದಾಳೆ."

"ಅವರು ಆ ಸ್ಥಿತೀಲಿ ಏನೋ ಅಂದಿರ್ತಾರೆ ಅಣ್ಣ..."

"ಅವಳು ಯಾವ ಸ್ಥಿತೀಲೂ ಏನೇನೋ ಅಂದವಳಲ್ಲ ಪ್ರಕಾಶ," ಎಂದೆ.

ಸಿಂಚನಳೂ ಹೇಳಿದಳು, "ಅಪ್ಪಾ, ಲೆಟ್ಸ್ ಜಸ್ಟ್ ಗೋ ಟು ಮೊಂಬಾಸಾ. ಸೀ ಈಸ್ ಸೀ." ಈ ಊರಿನಲ್ಲೇ ಬೆಳೆದ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷು.

"ಅವಳು ಸಮುದ್ರ ಅನ್ಲಿಲ್ಲ ಮಗಾ. ನದಿ ಅಂದ್ಳು. ಸಮುದ್ರಕ್ಕೆ ತಾನೇ ಹೋಗ್ತೀನಿ ಅಂದ್ಳು."

ಮಗಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೊನೆಗೆ ನನಗೊಂದು ಜಾಗ ನೆನಪಾಯಿತು. ಎನ್‌ಗಾಂಗ್ ಗುಡ್ಡಗಳ ದಕ್ಷಿಣದ ತುದಿಯಲ್ಲಿ, ಕಿಸೆರಿಯನ್ ಪೇಟೆ ದಾಟಿ ಮೇಲೆ ಹೋದರೆ ಕೋನಾ ಬರಿಡಿ ಎಂಬ ಬಯಲು. ಯಾವಾಗಲೂ ಗಾಳಿ. ಹಿಂದೊಮ್ಮೆ ಅಲ್ಲಿನ ಒಂದು ಸ್ಕೂಲಿಗೆ ಬೋರ್‌ವೆಲ್ ಕೊರೆದಿದ್ದೆ. ಆಗ ಪಕ್ಕದ ಕೊರಕಲಿನಲ್ಲಿ ಬಿರುಬೇಸಗೆಯಲ್ಲೂ ಒಂದು ಸಣ್ಣ ಊಟೆ ಹರಿಯುತ್ತಿದ್ದದ್ದನ್ನು ನೋಡಿದ್ದೆ. ಅದು ಕಿಸೆರಿಯನ್ ಹೊಳೆಗೆ ಇಳಿಯುತ್ತದೆ, ಅಲ್ಲಿಂದ ಅಥಿಗೆ ಎಂದು ನನ್ನ ಲೆಕ್ಕ. ನಿಜ ಹೇಳಬೇಕೆಂದರೆ, ಅದು ಎತ್ತ ಇಳಿಯುತ್ತದೆ ಎಂದು ಆಗ ನಾನು ನೋಡಿರಲಿಲ್ಲ. ಬೋರ್‌ವೆಲ್‌ನವನ ಕಣ್ಣು ಯಾವಾಗಲೂ ನೆಲದ ಕೆಳಗೆ. ಮೇಲೆ ಹರಿಯುವ ನೀರನ್ನು ಅವನು ನೀರೆಂದೇ ಎಣಿಸುವುದಿಲ್ಲ.

ಊಟದ ಹೊತ್ತು ಕಳೆದ ಮೇಲೆ ಹೊರಟೆವು. ನಾನು, ಸಿಂಚನ, ಮತ್ತು ರಿಗ್ ಶುರುವಾದಾಗಿನಿಂದ ನನ್ನ ಜೊತೆಗಿರುವ ಕಂಬಾ ಜನಾಂಗದ ಮುಟುವಾ. ಪಿಕಪ್ ಅವನೇ ಓಡಿಸಿದ. "ಪೋಲೆ ಸಾನಾ, ಬಾಸ್," ಎಂದು ದುಃಖ ಹೇಳಿ ಗಾಡಿ ಹೊರಡಿಸಿದ. ಕೆಂಪು ಬಟ್ಟೆ ಕಟ್ಟಿದ ಕುಡಿಕೆ ನನ್ನ ತೊಡೆಯ ಮೇಲಿತ್ತು.

ಆ ಬಯಲನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ನೆಲ ಎತ್ತ ಇಳಿದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಒಂದು ಕಡೆಯ ನೀರು ಹಿಂದೂ ಮಹಾಸಾಗರಕ್ಕೆ, ಇನ್ನೊಂದು ಕಡೆಯ ನೀರು ಕಣಿವೆಯ ಉಪ್ಪಿಗೆ. ನಡುವೆ ಗೋಡೆಯಿಲ್ಲ, ಬದುವಿಲ್ಲ. ಹುಲ್ಲು, ಮುಳ್ಳುಗಿಡ, ಮತ್ತೆ ಹುಲ್ಲು. ಹಸುವೊಂದು ಮೇಯುತ್ತ ಮೇಯುತ್ತ ಈ ಜಲಾನಯನದಿಂದ ಆ ಜಲಾನಯನಕ್ಕೆ ದಾಟಿಬಿಟ್ಟಿರುತ್ತದೆ, ಅದಕ್ಕೂ ಗೊತ್ತಿರುವುದಿಲ್ಲ.

ಸಿಂಚನ ಗಾಡಿಯಲ್ಲೇ ಕೂತಳು. ನಾನೂ ಮುಟುವಾನೂ ಕೊರಕಲಿಗೆ ಇಳಿದೆವು. ಊಟೆ ಬತ್ತಿತ್ತು. ದನ ತುಳಿದ ಗೊರಸಿನ ಗುರುತು ಗಟ್ಟಿಯಾಗಿ ಒಣಗಿತ್ತು. ಕುಡಿಕೆ ಎದೆಗವುಚಿಕೊಂಡು ಸುಮ್ಮನೆ ಕೊರಕಲಿನ ಗುಂಟ ನಡೆದೆ. ಒಂದು ತಿರುವು ದಾಟಿದಾಗ ತಳದಲ್ಲಿ ಸ್ವಲ್ಪ ಮರಳು ನಿಂತ ಜಾಗ ಸಿಕ್ಕಿತು. ಅಲ್ಲಿ ಒಂದು ಒರತೆ ಇತ್ತು.

ಆಗತಾನೇ ತೋಡಿದ್ದು. ಪಕ್ಕದಲ್ಲಿ ಎತ್ತಿಹಾಕಿದ ಮರಳು ಇನ್ನೂ ಹಸಿ. ಒಳಗೆ ಕಣ್ಣೀರಿನಷ್ಟು ತಿಳಿಯಾದ ನೀರು ಅಂಚಿನವರೆಗೆ ತುಂಬಿ ನಿಂತಿತ್ತು. ಬಾಯಿಯ ಸುತ್ತ ಒಣಹುಲ್ಲಿನ ಸಿಂಬಿ. ಪಕ್ಕದಲ್ಲಿ ಅರ್ಧ ತೆಂಗಿನ ಚಿಪ್ಪು, ಬೋರಲು.

ಮೊದಲು ನನಗೆ ಏನೂ ಅನ್ನಿಸಲಿಲ್ಲ, ನೀರು ಸಿಕ್ಕಿತು ಎಂಬುದೊಂದನ್ನು ಬಿಟ್ಟು. ಯಾರೋ ಹೆಂಗಸು ತೋಡಿದ್ದಾಳೆ, ಅವಳ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಮೊಣಕಾಲೂರಿ ಕೂತು ಕುಡಿಕೆಯ ಬಟ್ಟೆಯ ಗಂಟು ಬಿಚ್ಚತೊಡಗಿದೆ. ಆಗ ಸಂದು ಕಣ್ಣಿಗೆ ಬಿತ್ತು. ಸಿಂಬಿಯಲ್ಲಿ ಬೆರಳಗಲದ ಸಂದು. ಆದರೆ ಅದು ಉಲ್ಟಾ ಇತ್ತು. ನನ್ನ ಲೆಕ್ಕದಲ್ಲಿ ಕೊರಕಲು ಇಳಿಯುವುದು ಮೂಡಲಿಗೆ. ಸಂದು ಇದ್ದದ್ದು ಸೂರ್ಯ ಇಳಿಯುತ್ತಿದ್ದ ಕಡೆಗೆ. ಇದೇನು, ತೋಡಿದವಳಿಗೆ ಇಷ್ಟೂ ಗೊತ್ತಿಲ್ಲವೇ, ಮೇಲಿನ ದಿಕ್ಕಿಗೆ ಯಾರಾದರೂ ಬಾಯಿ ಬಿಡುತ್ತಾರೆಯೇ ಎಂದುಕೊಳ್ಳುವಷ್ಟರಲ್ಲಿ, ನನ್ನ ಕೈ ತಾಕಿ ನೀರು ಅಲುಗಿ, ಆ ಸಂದಿನಿಂದ ಒಂದು ಎಳೆ ಹೊರಗೆ ಹರಿಯಿತು. ಹರಿದು, ಮರಳಿನ ಮೇಲೆ ದಾರಿ ಮಾಡಿಕೊಂಡು, ಪಡುವಲಿಗೆ ಹೊರಟೇಬಿಟ್ಟಿತು. ಒಂದು ಹುಲ್ಲುಕಡ್ಡಿ ಹಾಕಿದೆ. ಅದೂ ಸೂರ್ಯನ ಕಡೆಗೇ ಹೋಯಿತು.

"ಮುಟುವಾ, ಈ ಕೊರಕಲು ಎಲ್ಲಿಗೆ ಹೋಗುತ್ತೆ, ಮುಂದೆ ಹೋಗಿ ನೋಡು," ಎಂದು ಕೂಗಿದೆ. ಅವನು ನಡೆದುಹೋಗಿ, ದಿಬ್ಬ ಹತ್ತಿ ನೋಡಿ ಬಂದ. "ಬಾಸ್, ಇದು ಕೆಳಗೆ ಕಣಿವೆಗೆ ಹೋಗುತ್ತೆ. ಮಗಾಡಿ ಕಡೆ."

ಗಂಟು ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. ಇನ್ನೊಂದು ಕ್ಷಣವಾಗಿದ್ದರೆ ನಾನು ಅವಳನ್ನು ಬಿಡುಗಡೆಯಿಲ್ಲದ ಉಪ್ಪಿಗೆ ಕಳಿಸಿಬಿಡುತ್ತಿದ್ದೆ.

ಆಮೇಲೆ ನಾನು ಸಿಂಬಿಯನ್ನು ಸರಿಯಾಗಿ ನೋಡಿದೆ. ಅದನ್ನು ಎತ್ತಿ ಕೈಯಲ್ಲಿ ಹಿಡಿದೆ. ಹುರಿ ಎಡಕ್ಕೆ ಹೊಸೆದಿತ್ತು.

"ಯಾರು ಮಾಡಿರ್ತಾರೆ ಇದನ್ನ?" ಎಂದು ಮುಟುವಾನನ್ನು ಕೇಳಿದೆ. ಅವನು ಬಗ್ಗಿ ನೋಡಿದ. ಅವನ ಊರಿನ ಹೆಂಗಸರೂ ಮರಳುಹೊಳೆಯಲ್ಲಿ ಒರತೆ ತೋಡುತ್ತಾರೆ. "ಗುಂಡಿ ನಮ್ಮವರ ಹಾಗೇ ಇದೆ. ಆದರೆ ಈ ಹುಲ್ಲಿನ ಬಳೆ ಯಾತಕ್ಕೆ?" ಎಂದ. ಅವರ ಕಡೆ ನೀರಿನ ಡಬ್ಬಿಗೆ ಪಟ್ಟಿ ಕಟ್ಟಿ, ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ. ಮಸಾಯಿ ಹೆಂಗಸರೂ ಹಾಗೇ. ಸಿಂಬಿಯ ಕೆಲಸವೇ ಇಲ್ಲ. ಅವನು ಸುತ್ತ ಹೆಜ್ಜೆಗುರುತು ಹುಡುಕಿದ. ಹಸಿ ಮರಳಿನ ಮೇಲೆ ನಮ್ಮಿಬ್ಬರದು ಬಿಟ್ಟು ಬೇರೆ ಇರಲಿಲ್ಲ. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೋಗೋಣ ಬಾಸ್," ಎಂದ, ಮೆಲ್ಲಗೆ.

ಚಿಪ್ಪನ್ನು ಮತ್ತೆ ಬೋರಲು ಹಾಕಿದೆ. ಸಿಂಬಿಯನ್ನು ಮಾತ್ರ ತಂದೆ. ಯಾಕೆ ತಂದೆ ಎಂದರೆ ಹೇಳಲಾರೆ.

ಗಾಡಿಯಲ್ಲಿ ಸಿಂಚನ ನನ್ನ ಕೈ ನೋಡಿದಳು. "ವಾಟ್ಸ್ ದಟ್?" ಎಂದಳು. ನಾನು ಸುಮ್ಮನೆ ಅವಳ ಕೈಗೆ ಕೊಟ್ಟೆ. ಅವಳು ಹುಲ್ಲನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ನೋಡಿದಳು. ಚಿಕ್ಕವಳಿದ್ದಾಗ ರಜಕ್ಕೆ ಊರಿಗೆ ಹೋದಾಗಲೆಲ್ಲ ಅಮ್ಮನ ಸಿಂಬಿಯನ್ನು ಅಜ್ಜಿ ಆಡಿಕೊಳ್ಳುವುದನ್ನು ಕೇಳಿದ್ದವಳು.

ಬಂದ ದಾರಿಯಲ್ಲೇ ಇಳಿದು, ಕಿಸೆರಿಯನ್ ದಾಟಿ, ಮೂಡಲ ಬಯಲಿಗೆ ಬಂದೆವು. ಕಿಟೆಂಗೆಲಾ ಹೊಳೆ ಅಥಿಗೆ ಸೇರುತ್ತದೆ ಎಂದು ನನಗೆ ಅನುಮಾನವಿಲ್ಲದೆ ಗೊತ್ತಿತ್ತು. ಯಶೋದಳೇ ಆ ಹೊಳೆಯ ಸೇತುವೆ ದಾಟುವಾಗಲೆಲ್ಲ ಹೇಳುತ್ತಿದ್ದಳು. ಹೊಳೆ ಒಣಗಿತ್ತು. ಊರಿಂದ ದೂರದಲ್ಲಿ, ಕಸ ಬೀಳದ ಕಡೆ, ಮರಳಿರುವ ಒಂದು ತಗ್ಗು ನೋಡಿ ಇಳಿದೆವು. ನಾನು ಕೈಯಿಂದ ತೋಡತೊಡಗಿದೆ. ಮಗಳೂ ಬಂದು ಎದುರಿಗೆ ಕೂತು ತೋಡಿದಳು. ಅಷ್ಟು ದೊಡ್ಡ ಮೆಷಿನ್ನು ಇಟ್ಟುಕೊಂಡು ಭೂಮಿಯ ಹೊಟ್ಟೆ ಬಗೆಯುವ ನಾನು, ಕೈಯಿಂದ ಒರತೆ ತೋಡಿದ್ದು ಅದೇ ಮೊದಲ ಸಲ. ಮೊಳಕೈ ಮುಳುಗುವಷ್ಟು ಆಳಕ್ಕೆ ಮರಳು ತಣ್ಣಗಾಯಿತು. ಕಾದು ಕೂತೆವು. ನೀರು ಜಿನುಗಿತು.

ಸಿಂಬಿಯನ್ನು ಅಂಚಿಗೆ ಕೂರಿಸಿದೆ. ಸಂದನ್ನು ಯಾವ ಕಡೆ ಇಡಬೇಕು ಎಂದು ಈ ಸಲ ಎದ್ದು ನಿಂತು, ಹೊಳೆಯ ಗುಂಟ ನಡೆದು ನೋಡಿ ಬಂದೇ ಇಟ್ಟೆ. ಮೂಡಲಿಗೆ. ಕದಡಿದ ನೀರು ಹರಿದುಹೋಗಿ ತಿಳಿನೀರು ಬಂದ ಮೇಲೆ ಅವಳನ್ನು ಅದರಲ್ಲಿ ಬಿಟ್ಟೆ. ಬೂದಿ ಒಂದು ಕ್ಷಣ ಸುತ್ತಿ, ಸಂದಿನ ಕಡೆಗೆ ಎಳೆಯಾಗಿ ಹೊರಟು, ಮರಳಿನಲ್ಲಿ ಇಂಗಿತು. ಸಿಂಬಿಯನ್ನೂ ಅಲ್ಲೇ ಬಿಟ್ಟೆ. ಮಿಕ್ಕದ್ದನ್ನು ಮಳೆ ಒಯ್ಯಬೇಕು. ಬಿಸಿಲು ಇಳಿಯುತ್ತಿತ್ತು. ಮುಟುವಾ ದೂರ ನಿಂತು ತನ್ನ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದ.

ಸಿಂಚನ ನನ್ನ ತೋಳು ಹಿಡಿದುಕೊಂಡು ಕನ್ನಡದಲ್ಲಿ ಕೇಳಿದಳು, "ಅಪ್ಪಾ, ಅಮ್ಮಂಗೆ ದಾರಿ ಗೊತ್ತಿದೆ ಅಲ್ವಾ?"

ಆ ಹೊತ್ತಿನವರೆಗೆ ನಾನು ಅತ್ತಿರಲಿಲ್ಲ.

ಕೆಲವು ವಾರಗಳ ನಂತರ ಮಳೆ ಬಂತು. ಹೊಳೆ ಬಂದ ಸುದ್ದಿ ತಿಳಿದ ದಿನವೇ ಹೋಗಿ ಕಿಟೆಂಗೆಲಾ ಸೇತುವೆ ಮೇಲೆ ನಿಂತೆ. ಹೊಳೆ ಕೆಂಪಗೆ, ದಡ ತುಂಬಿ, ಮುಳ್ಳುಕೊಂಬೆಗಳನ್ನು ಎಳೆದುಕೊಂಡು ಅಥಿಯ ಕಡೆ ಓಡುತ್ತಿತ್ತು. ಬೆಳಗ್ಗೆಯಿಂದ ಅಲ್ಲೇ ನಿಂತಿದ್ದೆ. ಹಾದುಹೋಗುವ ಮಟಾಟು ವ್ಯಾನುಗಳಿಂದ ಜನ ತಲೆ ಹೊರಗೆ ಹಾಕಿ ನೋಡಿದರು.

ಬಿಸಿಲು ಮರಳಿದ ಮೇಲೆ ಮುಟುವಾನ ಜೊತೆ ಇನ್ನೊಮ್ಮೆ ಕೋನಾ ಬರಿಡಿಗೂ ಹೋದೆ. ಕೊರಕಲಿನಲ್ಲಿ ಮರಳೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಮಳೆ ಕೊಚ್ಚಿರಬೇಕು, ಸರಿ. ಹತ್ತಿರದ ಮಸಾಯಿ ಮನೆಗಳ ಹೆಂಗಸರನ್ನು ಮುಟುವಾ ಕೇಳಿದ: ಬರಗಾಲದಲ್ಲಿ ನಿಮ್ಮಲ್ಲಿ ಯಾರಾದರೂ ಆ ಕೊರಕಲಿನಲ್ಲಿ ಗುಂಡಿ ತೋಡಿದ್ದರಾ? ಅವರು ನಕ್ಕರು. "ಹುಚ್ಚಾ ನಿಮಗೆ? ಸ್ಕೂಲಿನ ತೊಟ್ಟಿಯಲ್ಲಿ ವರ್ಷವೆಲ್ಲ ನೀರಿರುವಾಗ ಅಲ್ಲಿ ಯಾಕೆ ತೋಡೋಣ?" ಎಂದಳು ಒಬ್ಬಳು ಹಿರಿಯಳು. ಆ ತೊಟ್ಟಿಯ ನೀರು ನಾನು ಕೊರೆದ ಬೋರ್‌ವೆಲ್‌ನದು. ಅದು ಬಂದ ಮೇಲೆ ಆ ಕಡೆ ಯಾರೂ ನೀರಿಗಾಗಿ ಮಣ್ಣು ಮುಟ್ಟಿಲ್ಲವಂತೆ.

ಪ್ರಕಾಶನಿಗೆ ಹೇಳಿದಾಗ, "ದುಃಖದಲ್ಲಿ ಮನಸ್ಸಿಗೆ ಹಾಗೆಲ್ಲ ಕಾಣಿಸುತ್ತೆ ಅಣ್ಣ," ಎಂದ. ಇರಬಹುದು. ಆದರೆ ಮುಟುವಾನಿಗೆ ನನ್ನ ದುಃಖವಿರಲಿಲ್ಲ, ಅವನೂ ಕಂಡ. ಮಗಳು ಕೈಯಲ್ಲಿ ಹಿಡಿದಿದ್ದಳು. ದಾರಿಹೋಕ ದನಗಾಹಿಯೊಬ್ಬ ಮಾಡಿದ್ದು ಎನ್ನೋಣ, ಸಿಂಬಿ ಅವನ ಕೈಯ ಆಟ ಎನ್ನೋಣ, ಎಡಕ್ಕೆ ತಿರುಗಿದ್ದು ಅವನೂ ಎಡಗೈಯವನಾದ್ದರಿಂದ ಎನ್ನೋಣ. ಹೀಗೆ ಒಂದೊಂದಕ್ಕೂ ಒಂದೊಂದು ಉತ್ತರ ಹೇಳಿಕೊಂಡು ಬಂದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ನಿಲ್ಲುವುದಿಲ್ಲ.

ಕಾಯಿ ಹಿಡಿದು ನೀರು ತೋರಿಸುವವರು ಬಂದರೆ ಇವತ್ತಿಗೂ ನಾನು ನಂಬುವುದಿಲ್ಲ. ಆದರೆ ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ. ರಿಗ್ ನಿಂತು, ಕಂಪ್ರೆಸರ್ ಸದ್ದು ಅಡಗಿ, ಹುಡುಗರು ಉಗಾಲಿ ಮುದ್ದೆ ತಿನ್ನಲು ಕೂತ ಹೊತ್ತಿನಲ್ಲಿ ಕೆಲವು ಸಲ ಒಣಹುಲ್ಲು ಕಿತ್ತು, ಎಡಗೈಯಿಂದ ಹೊಸೆದು ನೋಡುತ್ತೇನೆ. ಸ್ವಲ್ಪ ದೂರ ಚೆನ್ನಾಗಿಯೇ ಬರುತ್ತದೆ. ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ.